ಶಸ್ತ್ರಚಿಕಿತ್ಸೆಯ ಕೊಠಡಿಗೂ ಬೇಕು ಸೃಷ್ಟಿಯ ಕಾಳಜಿ

ನಮ್ಮ ಧರ್ಮಕೇಂದ್ರಗಳಲ್ಲಿ ಉಚಿತ ನೇತ್ರ ತಪಾಸಣಾ ಶಿಬಿರಗಳು ನಡೆಯುತ್ತಿರುತ್ತವೆ. ಪೊರೆ ಬಂದ ಹಿರಿಯರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದೃಷ್ಟಿ ಪಡೆದು ಮರಳುವಾಗ ದೇವರಿಗೆ ಕೃತಜ್ಞತೆ ಸಲ್ಲಿಸುತ್ತೇವೆ. ಆದರೆ ಶಸ್ತ್ರಚಿಕಿತ್ಸೆಯ ಬಳಿಕ ಕಸದ ಚೀಲ ಸೇರುವ ಕೈಗವಸು, ಗೌನು, ಹೊದಿಕೆ, ಪ್ಲಾಸ್ಟಿಕ್ ಕೊಳವೆಗಳ ಬಗ್ಗೆ ನಾವು ಯೋಚಿಸುವುದು ಕಡಿಮೆ.

2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್‌ರವರು ಬಳಸಿ ಎಸೆಯುವ ಸಂಸ್ಕೃತಿಯ ಬಗ್ಗೆ ನಮ್ಮನ್ನು ಎಚ್ಚರಿಸಿದರು. ಆಸ್ಪತ್ರೆಗಳೂ ಇದಕ್ಕೆ ಹೊರತಲ್ಲ. ಒಂದು ವಸ್ತುವಿನ ತಯಾರಿ, ಸಾಗಣೆ, ಕೊನೆಗೆ ಅದನ್ನು ಸುಡುವುದು, ಪ್ರತಿ ಹಂತದಲ್ಲೂ ಇಂಗಾಲದ ಅನಿಲ ವಾತಾವರಣ ಸೇರುತ್ತದೆ. ಒಮ್ಮೆ ಮಾತ್ರ ಬಳಸುವ ವಸ್ತುವಿಗೆ ಇದೆಲ್ಲ ಪ್ರತಿ ರೋಗಿಗೂ ಹೊಸದಾಗಿ ನಡೆಯಬೇಕು. ಅದರ ಖರ್ಚು ಬಡವರ ಬಿಲ್ಲಿನಲ್ಲೂ ಕಾಣಿಸುತ್ತದೆ.

ಹಾಗಾದರೆ ಶುಚಿತ್ವಕ್ಕೆ ಧಕ್ಕೆಯಾಗದಂತೆ ಇದನ್ನು ಕಡಿಮೆ ಮಾಡಬಹುದೇ? ಮದುರೆಯಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆ ಉತ್ತರ ನೀಡಿದೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಒಂದು ಪೊರೆ ಶಸ್ತ್ರಚಿಕಿತ್ಸೆಯಿಂದ ಸುಮಾರು 6 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬೀಳುತ್ತದೆ. ಬ್ರಿಟನ್ನಿನಲ್ಲಿ ಇದೇ ಚಿಕಿತ್ಸೆಗೆ ಲೆಕ್ಕ ಹಾಕಿದ್ದರ ಸುಮಾರು 20ರಲ್ಲಿ ಒಂದು ಪಾಲು ಇದು!

ಅಲ್ಲಿ ಉಪಕರಣಗಳನ್ನು ತೊಳೆದು, ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಿ ಮತ್ತೆ ಬಳಸುತ್ತಾರೆ. ಒಂದೇ ಸೀಸೆಯ ಕಣ್ಣಿನ ಹನಿಯನ್ನು ಹಲವು ರೋಗಿಗಳಿಗೆ ಬಳಸುತ್ತಾರೆ. ಸೋಂಕು ಹೆಚ್ಚಲಿಲ್ಲವೇ? ಇಲ್ಲ. ಆ ಆಸ್ಪತ್ರೆಗಳ 20 ಲಕ್ಷಕ್ಕೂ ಅಧಿಕ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕಣ್ಣಿನೊಳಗಿನ ಗಂಭೀರ ಸೋಂಕು ಕಂಡದ್ದು 10,000ಕ್ಕೆ ಸುಮಾರು 4 ಮಂದಿಯಲ್ಲಿ ಮಾತ್ರ.

ಎಲ್ಲವನ್ನೂ ಮರುಬಳಸಬೇಕೆಂದು ನಾವು ಹೇಳುತ್ತಿಲ್ಲ. ಚುಚ್ಚುಮದ್ದಿನ ಸೂಜಿ, ಸಿರಿಂಜುಗಳನ್ನು ಇನ್ನೊಬ್ಬರಿಗೆ ಎಂದೂ ಬಳಸಬಾರದು. ಕಣ್ಣಿಗೆ ಸರಿಯಾದ ಕ್ರಮ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಸರಿಹೋಗಬೇಕೆಂದಿಲ್ಲ. ಅದನ್ನು ನಿರ್ಧರಿಸಬೇಕಾದವರು ವೈದ್ಯರು ಮತ್ತು ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿ.

ಆದರೆ ಕೆಲವು ಕ್ರಮಗಳು ಎಲ್ಲ ಆಸ್ಪತ್ರೆಗಳಿಗೂ ಸಾಧ್ಯ:

1. ಅಗತ್ಯ ಬಿದ್ದಾಗ ಮಾತ್ರ ಪ್ಯಾಕೆಟ್ ತೆರೆಯುವುದು. ತೆರೆದಿಟ್ಟ ವಸ್ತು ಬಳಸದಿದ್ದರೂ ಕಸವಾಗುತ್ತದೆ.

2. ಸಾಧ್ಯವಿರುವಲ್ಲಿ ಒಗೆದು ಕ್ರಿಮಿಶುದ್ಧಗೊಳಿಸಬಹುದಾದ ಬಟ್ಟೆಯ ಗೌನು, ಹೊದಿಕೆಗಳನ್ನು ಬಳಸುವುದು.

3. ಕಸವನ್ನು ಸರಿಯಾಗಿ ವಿಂಗಡಿಸುವುದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತ ತಾಗಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕೆ, ಕೊಳವೆಯಂಥ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ ಹೋಗಬೇಕು. ಕೆಂಪು ಚೀಲದ ಪ್ಲಾಸ್ಟಿಕ್ ಶುದ್ಧೀಕರಣದ ಬಳಿಕ ಮರುಬಳಕೆಗೆ ಸಿಗುತ್ತದೆ. ಶುಚಿಯಾದ ಕಾಗದ, ರಟ್ಟು ಹಳದಿ ಚೀಲಕ್ಕೆ ಬಿದ್ದರೆ ಸುಮ್ಮನೆ ಸುಟ್ಟುಹೋಗುತ್ತದೆ.

4. ಅರಿವಳಿಕೆ ಅನಿಲದ ಆಯ್ಕೆಯಲ್ಲಿ ಎಚ್ಚರ ವಹಿಸುವುದು. ಡೆಸ್‌ಫ್ಲುರೇನ್ ಎಂಬ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಸ್ಕಾಟ್ಲೆಂಡಿನ ಸರಕಾರಿ ಆಸ್ಪತ್ರೆಗಳು 2023ರಲ್ಲೇ ಅದನ್ನು ಕೈಬಿಟ್ಟಿವೆ.

ನಾವೇನು ಮಾಡಬಹುದು? ಶಿಬಿರ ಏರ್ಪಡಿಸುವ ಸಂಘಟನೆಗಳು ಆಸ್ಪತ್ರೆಯವರೊಡನೆ ಈ ವಿಷಯ ಮಾತಾಡಲಿ. ದಾನಿಗಳು ಬಳಸಿ ಎಸೆಯುವ ಕಿಟ್‌ಗಳ ಬದಲು ಬಟ್ಟೆಯ ಗೌನುಗಳನ್ನೋ ಕ್ರಿಮಿಶುದ್ಧಿ ಯಂತ್ರವನ್ನೋ ಕೊಡುವ ಬಗ್ಗೆ ಯೋಚಿಸಲಿ. ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವ ನಮ್ಮ ಧರ್ಮಭಗಿನಿಯರು, ದಾದಿಯರು ತಮ್ಮ ವಿಭಾಗದಲ್ಲಿ ಒಂದು ವಾರ ಬಳಸದೆ ಎಸೆದ ವಸ್ತುಗಳನ್ನು ಲೆಕ್ಕ ಹಾಕಿ ನೋಡಲಿ.

ರೋಗಿಯ ಸುರಕ್ಷತೆಯೇ ಮೊದಲು. ಅದನ್ನು ಕಾಪಾಡಿಕೊಂಡೇ ದೇವರ ಸೃಷ್ಟಿಯನ್ನೂ ಕಾಪಾಡೋಣ.