ಕುದುರೆಯ ಉಸಿರು, ಕೊಳ್ಳುವವನ ವಿವೇಕ

ನಮ್ಮ ನಾಡಿನಲ್ಲಿ ಎತ್ತನ್ನಾಗಲಿ ಕುದುರೆಯನ್ನಾಗಲಿ ಕೊಳ್ಳುವವರು ಹಿಂದಿನಿಂದಲೂ ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಹಲ್ಲು ಪ್ರಾಣಿಯ ಪ್ರಾಯವನ್ನು ಹೇಳುತ್ತದೆ; ಸುಳಿ ಹೇಳುವುದು ನೋಡುವವನ ನಂಬಿಕೆಯನ್ನು. ಆದರೆ ಕುದುರೆಯ ನಿಜವಾದ ಯೋಗ್ಯತೆಯನ್ನು ನಿರ್ಣಯಿಸುವ ಸಂಗತಿಯೊಂದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಉಸಿರು. ಲಾಯದಲ್ಲಿ ನಿಂತಾಗ ಚಿತ್ರದ ಕುದುರೆಯಂತೆ ಶೋಭಿಸುವ ಪ್ರಾಣಿ, ನಾಲ್ಕು ಸುತ್ತು ಓಡಿದೊಡನೆ ಗೊರಗುಟ್ಟಬಹುದು, ಕೆಮ್ಮಬಹುದು. ಉಸಿರಿನ ಬಗೆಗೆ ಹೀಗೆ ಅನುಮಾನ ಹುಟ್ಟಿದ ಕುದುರೆಯನ್ನು ಕೊಳ್ಳಬಹುದೆ, ಬಾರದೆ? ಇಂದು ನಾನು ವಿವೇಚಿಸಬೇಕೆಂದಿರುವ ಪ್ರಶ್ನೆ ಇದು.

ಕುದುರೆಯ ವ್ಯಾಪಾರ ನಮಗೆ ಹೊಸದಲ್ಲ. ವಿಜಯನಗರದ ಅರಸರು ಸಮುದ್ರದಾಚೆಯ ಹೋರ್ಮುಜ್‌ನಿಂದ ಕುದುರೆಗಳನ್ನು ತರಿಸುತ್ತಿದ್ದರು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ವೃತ್ತಾಂತದಲ್ಲಿ ಸಾಳುವ ನರಸಿಂಹನನ್ನು ಕುರಿತು ಒಂದು ಸ್ವಾರಸ್ಯವಾದ ಮಾತಿದೆ. ಆ ಅರಸನು ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆ ಕೊಡುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಹಣ ಸಲ್ಲುತ್ತಿತ್ತಂತೆ. ಮೇಲುನೋಟಕ್ಕೆ ಇದು ಹುಚ್ಚುತನ. ಆದರೆ ವ್ಯಾಪಾರಿಗಳು ತನ್ನ ರೇವನ್ನು ಬಿಟ್ಟು ಬೇರೆಡೆಗೆ ಹೋಗದಂತೆ ನೋಡಿಕೊಳ್ಳಬೇಕಾಗಿದ್ದ ಅರಸನಿಗೆ ಆ ನಷ್ಟವೂ ಒಂದು ಲೆಕ್ಕಾಚಾರವೇ ಆಗಿರಬೇಕು. ನಷ್ಟವನ್ನು ಸಾಮ್ರಾಜ್ಯವೊಂದು ಹೊರಬಹುದು; ಸಂಬಳದಿಂದ ಜೀವಿಸುವ ಗೃಹಸ್ಥ ಹೊರಲಾರ.

ಇಂದು ಈ ಪ್ರಶ್ನೆ ನಮ್ಮ ಊರುಗಳಲ್ಲಿ ಏಳುವುದು ಹೆಚ್ಚಾಗಿ ಜೂಜಿನಿಂದ ನಿವೃತ್ತವಾದ ಕುದುರೆಗಳ ವಿಷಯದಲ್ಲಿ. ಬೆಂಗಳೂರು, ಮೈಸೂರುಗಳ ಪಂದ್ಯಗಳಲ್ಲಿ ಓಡಿದ ಕುದುರೆ ಐದಾರು ವರ್ಷಕ್ಕೇ ನಿವೃತ್ತವಾಗಬಹುದು. ಅದರ ಆಯುಷ್ಯವಾದರೋ ಇಪ್ಪತ್ತೈದು ವರ್ಷಗಳನ್ನು ಮುಟ್ಟಬಲ್ಲದು. ಸವಾರಿ ಕಲಿಸುವ ಶಾಲೆಯವರೋ ಮಕ್ಕಳಿಗೆ ಸವಾರಿಯ ಆಸೆಯುಳ್ಳ ತಂದೆಯೋ ಅಂಥದನ್ನು ಅಗ್ಗದ ಬೆಲೆಗೆ ನೋಡಿ ಬರುತ್ತಾರೆ. ಬಳಿಕ ನನ್ನಂಥ ಪಶುವೈದ್ಯನನ್ನು ಕೇಳುತ್ತಾರೆ: 'ಓಡುವಾಗ ಸ್ವಲ್ಪ ಸದ್ದು ಬರುತ್ತದೆ. ಮಾರುವವರು ನೆಗಡಿ ಎನ್ನುತ್ತಾರೆ. ಕೊಳ್ಳಲೆ?' ಬೆಲೆ ಕಡಿಮೆ ಎಂಬುದೇ ಇಲ್ಲಿ ದೊಡ್ಡ ಆಕರ್ಷಣೆ. ಆದರೆ ಬೆಲೆಯನ್ನು ಒಂದು ಸಲ ಕೊಟ್ಟರೆ ಮುಗಿಯಿತು. ಹುಲ್ಲು, ಹುರುಳಿ, ಲಾಳ, ಔಷಧಿ, ಸಾಯಿಸನ ಸಂಬಳ ಇವು ವರ್ಷಗಟ್ಟಲೆ ನಡೆಯುವ ಖರ್ಚುಗಳು.

ಕುದುರೆ ಉಸಿರಾಡುವ ರೀತಿಯೇ ವಿಶಿಷ್ಟವಾದುದು. ನಾವು ಮೂಗು ಕಟ್ಟಿದರೆ ಬಾಯಿಂದ ಉಸಿರಾಡುತ್ತೇವೆ. ಕುದುರೆಗೆ ಅದು ಸಾಧ್ಯವಿಲ್ಲ. ಅದರ ಉಸಿರೆಲ್ಲ ಮೂಗಿನ ದಾರಿಯಲ್ಲೇ ಹೋಗಿಬರಬೇಕು. ನಾಗಾಲೋಟದಲ್ಲಿ ಓಡುವಾಗ ಒಂದೊಂದು ನೆಗೆತಕ್ಕೆ ಒಂದೊಂದು ಉಸಿರು. ಆದ್ದರಿಂದ ದಾರಿ ಸ್ವಲ್ಪ ಕಿರಿದಾದರೂ ಅದನ್ನು ತುಂಬಿಕೊಳ್ಳುವ ಬೇರೆ ಉಪಾಯ ಅದಕ್ಕಿಲ್ಲ.

ದೋಷಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಗಂಟಲಿನದು. ಧ್ವನಿಪೆಟ್ಟಿಗೆಯ ಎಡಭಾಗವನ್ನು ಆಳುವ ನರ ಮಿದುಳಿನಿಂದ ನೇರವಾಗಿ ಗಂಟಲಿಗೆ ಬರುವುದಿಲ್ಲ. ಕೊರಳುದ್ದಕ್ಕೂ ಇಳಿದು, ಎದೆಯೊಳಗೆ ಮಹಾಧಮನಿಯನ್ನು ಬಳಸಿ, ಮತ್ತೆ ಮೇಲಕ್ಕೇರಿ ಗಂಟಲನ್ನು ಸೇರುತ್ತದೆ. ಇಷ್ಟು ಉದ್ದದ ನರ ಕ್ಷೀಣಿಸಿದರೆ ಆ ಭಾಗ ಸರಿಯಾಗಿ ತೆರೆಯದೆ ಗಾಳಿಯ ದಾರಿಗೆ ಅಡ್ಡವಾಗುತ್ತದೆ. ಉಸಿರನ್ನು ಒಳಕ್ಕೆಳೆಯುವಾಗ ಗೊರಗೊರ ಸದ್ದು ಕೇಳುತ್ತದೆ. ಎತ್ತರದ ಕುದುರೆಗಳಲ್ಲಿ ಇದು ಹೆಚ್ಚು. ಎರಡನೆಯದು ಶ್ವಾಸಕೋಶದ್ದು. ನಮ್ಮ ಜನ ಗೂರಲು, ಉಬ್ಬಸ ಎನ್ನುವಂಥದು. ಈಗಿನ ವೈದ್ಯರೂ ಅದನ್ನು ಕುದುರೆಯ ಆಸ್ತಮಾ ಎಂದೇ ಕರೆಯುತ್ತಾರೆ. ಒಣಹುಲ್ಲಿನ ಧೂಳು, ಅದರಲ್ಲಿ ಬೆಳೆದ ಬೂಷ್ಟು ಇದಕ್ಕೆ ಮುಖ್ಯ ಕಾರಣ. ಇಲ್ಲಿ ಕಷ್ಟವಾಗುವುದು ಉಸಿರನ್ನು ಹೊರಹಾಕಲು. ಹೊಟ್ಟೆಯ ಸ್ನಾಯುಗಳಿಂದ ಒತ್ತಿ ಒತ್ತಿ ಉಸಿರು ಬಿಡುವುದರಿಂದ, ಕಾಲಕ್ರಮದಲ್ಲಿ ಪಕ್ಕೆಯ ಕೆಳಗೆ ಓರೆಯಾದ ಗೆರೆಯೊಂದು ಮೂಡುತ್ತದೆ. ಇವೆರಡೂ ಅಲ್ಲದೆ ಸಾಮಾನ್ಯ ಸೋಂಕಿನ ಕೆಮ್ಮೂ ಇರಬಹುದು; ಅದು ಕೆಲವು ವಾರಗಳ ವಿಶ್ರಾಂತಿಯಿಂದ ವಾಸಿಯಾಗುವಂಥದು. ನಿಜವಾಗಿಯೂ ನೆಗಡಿಯಾಗಿದ್ದರೆ ಕಾಯುವುದರಿಂದ ಯಾರಿಗೂ ನಷ್ಟವಿಲ್ಲ. ಕಾಯಲೊಪ್ಪದ ಮಾರಾಟಗಾರನ ಅವಸರವೂ ಒಂದು ರೋಗಲಕ್ಷಣವೆಂದೇ ನಾನು ತಿಳಿಯುತ್ತೇನೆ.

ಹಾಗಾದರೆ ದೋಷವಿದ್ದ ಕುದುರೆ ನಿಷ್ಪ್ರಯೋಜಕವೆ? ಇಲ್ಲಿ ಆರ್ಮಂಡ್ ಎಂಬ ಕುದುರೆಯ ಚರಿತ್ರೆ ನೆನೆಯತಕ್ಕದ್ದು. 1886ರಲ್ಲಿ ಅದು ಇಂಗ್ಲೆಂಡಿನ ಡರ್ಬಿಯೂ ಸೇರಿದಂತೆ ಮೂರು ಮಹಾಪಂದ್ಯಗಳನ್ನು ಗೆದ್ದಿತು. ಅದೇ ವರ್ಷ ಅದರ ಗಂಟಲಿನ ಗೊರಗು ಬಯಲಾಯಿತು. ಆದರೂ ಮರುವರ್ಷ ಆಸ್ಕಟ್‌ನಲ್ಲಿ ಗೆದ್ದು, ಓಡಿದ 16 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತವಾಯಿತು. ಅದರ ತಾಯಿಗೂ ಗೊರಗಿನ ದೋಷವಿತ್ತು. ಆ ದೋಷ ತಳಿಯಲ್ಲಿ ಹಬ್ಬೀತೆಂಬ ಭಯ ಹುಟ್ಟಿತು. ಒಡೆಯನಾದ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಅದನ್ನು 12,000 ಪೌಂಡಿಗೆ ಅರ್ಜೆಂಟೀನಾಕ್ಕೆ ಮಾರಿದನು. ಬಳಿಕ ಕ್ಯಾಲಿಫೋರ್ನಿಯದ ಧನಿಕನೊಬ್ಬ 30,000 ಪೌಂಡಿಗೂ ಹೆಚ್ಚು ಕೊಟ್ಟು ಕೊಂಡನು. ಅಲ್ಲಿ ಅದಕ್ಕೆ ಹುಟ್ಟಿದ ಮರಿಗಳು ಬಹಳ ಕಡಿಮೆ. ಇತ್ತ ಇಂಗ್ಲೆಂಡಿನಲ್ಲಿ ಉಳಿದಿದ್ದ ಅದರ ಮಗನಿಗೆ ಹುಟ್ಟಿದ ಫ್ಲೈಯಿಂಗ್ ಫಾಕ್ಸ್, 1899ರಲ್ಲಿ ಅದೇ ಮೂರು ಪಂದ್ಯಗಳನ್ನು ಗೆದ್ದಿತು. ಈ ಕಥೆಯಿಂದ ನಾನು ಗ್ರಹಿಸುವ ಅರ್ಥ ಎರಡು. ದೋಷವೊಂದರ ತೂಕ ಪ್ರಾಣಿಯಿಂದ ನಮಗಾಗಬೇಕಾದ ಕೆಲಸವನ್ನು ಅವಲಂಬಿಸಿದೆ. ಮತ್ತು, ಎಲ್ಲರ ಕಣ್ಣೂ ಒಂದೇ ದೋಷದ ಮೇಲೆ ನೆಟ್ಟಾಗ ಇನ್ನೊಂದು ದೋಷ ನುಸುಳಿಕೊಳ್ಳುತ್ತದೆ.

ಇನ್ನು ಪರೀಕ್ಷೆಯ ಮಾತು. ಕುದುರೆಯನ್ನು ಮೊದಲು ಅದರ ಲಾಯದಲ್ಲೇ, ಸಾಧ್ಯವಾದರೆ ಮುನ್ಸೂಚನೆಯಿಲ್ಲದೆ ನೋಡಬೇಕು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಪಕ್ಕೆಯ ಏರಿಳಿತವನ್ನು ಗಡಿಯಾರ ಹಿಡಿದು ಯಾರಾದರೂ ಎಣಿಸಬಹುದು. ಅನಂತರ ವೈದ್ಯನ ಸಮಕ್ಷಮದಲ್ಲಿ ಚೆನ್ನಾಗಿ ಓಡಿಸಿ ಕಿವಿಗೊಡಬೇಕು. ಸದ್ದು ಬರುವುದು ಉಸಿರೆಳೆಯುವಾಗಲೋ ಬಿಡುವಾಗಲೋ ಎಂಬುದನ್ನು ಗಮನಿಸಬೇಕು. ಓಟ ನಿಂತ ಮೇಲೆ ಉಸಿರು ಎಷ್ಟು ಬೇಗ ತಹಬಂದಿಗೆ ಬರುತ್ತದೆಂಬುದೂ ಮುಖ್ಯ. ಮೂಗಿನೊಳಗಿಂದ ದರ್ಶಕ ನಳಿಕೆಯನ್ನಿಳಿಸಿ ಗಂಟಲನ್ನು ಕಣ್ಣಾರೆ ನೋಡುವ ಸೌಕರ್ಯ ಈಗ ಇದೆ. ಮಾರಾಟಕ್ಕೆ ಮುಂಚೆ ಕೆಲವು ವಾರ ಬಯಲಿನಲ್ಲಿ ಮೇಯಿಸಿದರೆ, ಹುಲ್ಲನ್ನು ನೆನೆಸಿ ಹಾಕಿದರೆ, ಇಲ್ಲವೆ ಔಷಧಿ ಕೊಟ್ಟರೆ ಗೂರಲು ಅಡಗಿಕೊಳ್ಳುತ್ತದೆ. ಆದ್ದರಿಂದ ಎಚ್ಚರವುಳ್ಳವರು ಪರೀಕ್ಷೆಯ ದಿನವೇ ರಕ್ತದ ಮಾದರಿಯನ್ನು ತೆಗೆಸಿಡುತ್ತಾರೆ.

ಕಾನೂನಿನ ಮಾತನ್ನೂ ಮರೆಯಬಾರದು. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣದಂತೆ, ಕೆಲವು ಅಪವಾದಗಳನ್ನು ಬಿಟ್ಟರೆ, ಸರಕಿನ ಗುಣಕ್ಕೆ ಮಾರುವವನು ತಾನಾಗಿಯೇ ಹೊಣೆಯಲ್ಲ. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಅಂಥ ವ್ಯಾಪಾರವನ್ನೇ ಮಾಡುವವನ ಜಾಣ್ಮೆಯನ್ನು ನಂಬಿ ಕೊಂಡಿದ್ದರೆ ಮಾತು ಬೇರೆ. ಆದಕಾರಣ 'ಇದು ಮಕ್ಕಳ ಸವಾರಿಗೆ, ಉಸಿರು ಸರಿಯಿದೆಯೆಂದು ಭರವಸೆ ಕೊಡುವಿರಾ?' ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಸಂಶಯವಲ್ಲ, ವಿವೇಕ.

ಇಷ್ಟಾದ ಮೇಲೆ ನಿರ್ಣಯ ಅಷ್ಟು ಕಠಿಣವಲ್ಲ. ವೇಗದ ಓಟಕ್ಕೂ ಬೇಲಿ ನೆಗೆತಕ್ಕೂ ಬೇಕಾದ ಕುದುರೆಯಲ್ಲಿ ಗಂಟಲಿನ ದೋಷವಿದ್ದರೆ ಬಿಡುವುದೇ ಲೇಸು. ಶಸ್ತ್ರಚಿಕಿತ್ಸೆಯುಂಟು, ಆದರೆ ಅದರ ಫಲ ಖಚಿತವಲ್ಲ. ಮೆಲ್ಲನೆಯ ಸವಾರಿಗಾದರೆ ಅಲ್ಪ ಗೊರಗು ಅಡ್ಡಿಯಲ್ಲ. ಗೂರಲಿನ ಕುದುರೆಯನ್ನು ಕೊಳ್ಳುವ ಮುನ್ನ ಕುದುರೆಯನ್ನಲ್ಲ, ನಿಮ್ಮ ಹಿತ್ತಿಲನ್ನು ಪರೀಕ್ಷಿಸಿರಿ. ಗಾಳಿಯಾಡುವ ಬಯಲಿದೆಯೆ? ದಿನವೂ ಹುಲ್ಲು ನೆನೆಸಿ ಹಾಕುವ ಕೈಗಳಿವೆಯೆ? ಇದ್ದರೆ ಅದು ನಿಮ್ಮಲ್ಲಿ ಬಹುಕಾಲ ನೆಮ್ಮದಿಯಿಂದ ಬಾಳೀತು. ಇಲ್ಲವಾದರೆ, ಕರುಣೆಯಿಂದ ಕೊಂಡು ತಂದು ಧೂಳು ತುಂಬಿದ ಕೊಟ್ಟಿಗೆಯಲ್ಲಿ ಕಟ್ಟಿಹಾಕುವುದು ಕರುಣೆಯಾಗಲಾರದು. ದಿನಕ್ಕೆ ಸಾವಿರಾರು ಸಲ ಉಸಿರಿಗಾಗಿ ಹೆಣಗುವ ಆ ಮೂಕಪ್ರಾಣಿ ತನ್ನ ಕಷ್ಟವನ್ನು ಹೇಳಿಕೊಳ್ಳಲಾರದು. ಕೊಳ್ಳುವ ಮೊದಲೇ ಅದನ್ನು ಕೇಳಿಸಿಕೊಳ್ಳುವ ಹೊಣೆ ನಮ್ಮದು.