ಪರುಪ್ಪು ಕೀರೈ ಎಂಬ ನಮ್ಮ ಗೋಣಿ ಸೊಪ್ಪಿನಲ್ಲಿ ಏನಿದೆ?



ಚೆನ್ನೈಯಲ್ಲಿ ಪರುಪ್ಪು ಕೀರೈ ಎಂದು ಮಾರುವ ಸೊಪ್ಪೇ ನಮ್ಮ ಊರಿನ ಗೋಣಿ ಸೊಪ್ಪು. ತೆಲುಗರು ಇದನ್ನು ಬೇಳೆಗೆ ಹಾಕಿ ಪಪ್ಪು ಮಾಡುತ್ತಾರೆ. ಕೆಂಪು ದಂಟು, ದಪ್ಪನೆಯ ಸಣ್ಣ ಎಲೆ, ಹಳದಿ ಹೂವು. ಹೊಲದ ಬದಿಯಲ್ಲಿ, ಹೂಕುಂಡದಲ್ಲಿ ತಾನಾಗಿ ಹುಟ್ಟುತ್ತದೆ. ನಮ್ಮ ಹೋಟೆಲುಗಳಲ್ಲಿ ಮಾತ್ರ ಪಾಲಕ್, ಮೆಂತ್ಯ ಬಿಟ್ಟರೆ ಬೇರೆ ಸೊಪ್ಪು ಕಾಣುವುದು ಅಪರೂಪ.

100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 93 ಗ್ರಾಂ ನೀರೇ ಇರುತ್ತದೆ. 20 ಕ್ಯಾಲೊರಿ, 2 ಗ್ರಾಂ ಪ್ರೋಟೀನ್, 2 ಮಿ.ಗ್ರಾಂ. ಕಬ್ಬಿಣ, 65 ಮಿ.ಗ್ರಾಂ. ಕ್ಯಾಲ್ಸಿಯಂ, 20 ಮಿ.ಗ್ರಾಂ.ಗೆ ಸ್ವಲ್ಪ ಮೇಲೆ ವಿಟಮಿನ್ ಸಿ. ಇಷ್ಟರಲ್ಲಿ ದೊಡ್ಡ ವಿಶೇಷವೇನೂ ಇಲ್ಲ. ವಿಶೇಷ ಇರುವುದು ಒಮೇಗಾ-3 ಎಂಬ ಕೊಬ್ಬಿನ ಅಂಶದಲ್ಲಿ. 1992ರಲ್ಲಿ ಅಮೆರಿಕದ ಸಿಮೊಪೌಲೋಸ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಂತೆ 100 ಗ್ರಾಂ ಎಲೆಯಲ್ಲಿ ಇದು 300ರಿಂದ 400 ಮಿ.ಗ್ರಾಂ. ಇದೆ, ಜೊತೆಗೆ 12 ಮಿ.ಗ್ರಾಂ. ವಿಟಮಿನ್ ಇ. ಸೊಪ್ಪುಗಳ ಪೈಕಿ ಇದು ಬಹಳ ಹೆಚ್ಚು. ಮೀನು ತಿನ್ನದ ನಮ್ಮ ಗಿರಾಕಿಗಳಿಗೆ ಒಳ್ಳೆಯದೇ. ಆದರೆ ಮೀನಿನಲ್ಲಿರುವ ಒಮೇಗಾ-3 ಬೇರೆ ಬಗೆಯದು. ಸೊಪ್ಪಿನದನ್ನು ದೇಹ ಆ ಬಗೆಗೆ ಬದಲಾಯಿಸಿಕೊಳ್ಳುವುದು ಅತಿ ಸ್ವಲ್ಪ. ಹಾಗಾಗಿ ಬೋರ್ಡಿನ ಮೇಲೆ 'ಹೃದಯಕ್ಕೆ ಮದ್ದು' ಎಂದು ಯಾರೂ ಬರೆಸಬೇಡಿ. ಆಹಾರದ ಜಾಹೀರಾತಿಗೆ 2018ರ ನಿಯಮಗಳಿವೆ, ರೋಗ ವಾಸಿಯಾಗುತ್ತದೆ ಎನ್ನುವಂತಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಪಾಲಕ್‌ನಂತೆ ಇದರಲ್ಲೂ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗೆ ಇದು ಆಗದು. ನಮ್ಮಲ್ಲಿ ದಿನವೂ ಮಧ್ಯಾಹ್ನ ಊಟಕ್ಕೆ ಬರುವ ಹಳೆಯ ಗಿರಾಕಿಗಳಲ್ಲಿ ಅಂಥವರು ಇದ್ದೇ ಇರುತ್ತಾರೆ. ಸಾಂಬಾರಿಗೆ ಸುಮ್ಮನೆ ಬೆರೆಸದೆ, ಸೊಪ್ಪಿನ ಹೆಸರನ್ನು ಬೋರ್ಡಿನಲ್ಲಿ ಹಾಕಿ, ವಾರಕ್ಕೆ ಒಂದೆರಡು ದಿನ ಮಾಡಿದರೆ ಸಾಕು. ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ಕಡಿಮೆಯಾಗುತ್ತದೆ, ಆದರೆ ವಿಟಮಿನ್ ಸಿ ಕೂಡ ಹೋಗುತ್ತದೆ. ಮೊಸರು ಸೇರಿಸುವುದು ಮೇಲು. ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕಡೆಯ ತಂಬುಳಿ, ಮಜ್ಜಿಗೆ ಹುಳಿ ಎರಡಕ್ಕೂ ಈ ಸೊಪ್ಪು ಚೆನ್ನಾಗಿ ಒಗ್ಗುತ್ತದೆ.

ಕೊಳ್ಳುವಾಗ ಒಂದು ದಂಟು ಮುರಿದು ನೋಡಿ. ಬಿಳಿ ಹಾಲು ಬಂದರೆ ಅದು ಬೇರೆ ಗಿಡ, ತಿನ್ನಬಾರದು. ನೆಲಕ್ಕೆ ಹರಡಿ ಬೆಳೆಯುವುದರಿಂದ ಮಣ್ಣು ಜಾಸ್ತಿ, ಮೂರು ನೀರಿನಲ್ಲಾದರೂ ತೊಳೆಸಿ. ಬೆಳಗ್ಗೆ ಕಿತ್ತ ಸೊಪ್ಪಿಗೆ ಹುಳಿ ಹೆಚ್ಚು, ರುಚಿ ನೋಡಿಯೇ ಹುಣಸೆ ಹಾಕಲು ಭಟ್ಟರಿಗೆ ಹೇಳಿ.