ಮೆಟಿಸ್ ನುಂಗಿದ ಪೈಮೆಟಿಸ್

ಗೋಡೆಗೆ ಡಿಕ್ಕಿ ಹೊಡೆದ ಕಾರಿನ ಬಾನೆಟ್ಟು ಹೇಗೆ ಮುದುಡುತ್ತದೆ ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವವರು ಮೊದಲು ಕಾರನ್ನು ಲಕ್ಷಾಂತರ ಚೂರುಗಳ ಬಲೆಯಾಗಿಸುತ್ತಾರೆ. ಆಮೇಲೆ ಆ ಬಲೆಯನ್ನು ಹತ್ತಾರು ಪ್ರೊಸೆಸರುಗಳಿಗೆ ಹಂಚಬೇಕು. ಪಾಲು ಸಮನಾಗಿರಬೇಕು, ಕಡಿಯುವ ಎಳೆಗಳು ಆದಷ್ಟು ಕಡಿಮೆ ಇರಬೇಕು. ಕಡಿದ ಎಳೆ ಎಂದರೆ ಎರಡು ಪ್ರೊಸೆಸರುಗಳ ನಡುವೆ ನಿಲ್ಲದ ಮಾತುಕತೆ. ಹಿಸ್ಸೆಯಾದ ಅಣ್ಣತಮ್ಮಂದಿರಿಗೆ ಬಾವಿ ಮಾತ್ರ ಒಂದೇ ಉಳಿದರೆ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅತ್ಯುತ್ತಮ ಹಂಚಿಕೆಯನ್ನೇ ಹುಡುಕುತ್ತ ಕೂತರೆ ಆಯುಷ್ಯ ಸಾಲದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಕರಿಪಿಸ್ ಮತ್ತು ವಿಪಿನ್ ಕುಮಾರ್ 1990ರ ದಶಕದಲ್ಲಿ ರೂಪಿಸಿದ ಮೆಟಿಸ್ ಲೈಬ್ರರಿ ಉಪಾಯದಿಂದ ಗೆಲ್ಲುತ್ತದೆ. ಅಕ್ಕಪಕ್ಕದ ಬಿಂದುಗಳನ್ನು ಜೋಡಿ ಜೋಡಿಯಾಗಿ ಬೆಸೆದು, ಬಿಂದು-ಎಳೆಗಳ ಈ ಗ್ರಾಫನ್ನು ಕುಗ್ಗಿಸುತ್ತ ಹೋಗುತ್ತದೆ. ಅದು ಅಂಗೈಯಗಲಕ್ಕೆ ಇಳಿದಾಗ ಪಾಲು ಮಾಡುತ್ತದೆ. ಮತ್ತೆ ಹಿಗ್ಗಿಸುವಾಗ ಹಂತಹಂತಕ್ಕೂ ಗಡಿಯ ಬಿಂದುಗಳನ್ನು ಆಚೀಚೆ ಸರಿಸಿ ನೋಡುತ್ತದೆ. ಈ ಸರಿಸುವ ಕಲೆಯ ಬೇರು ಕರ್ನಿಘನ್ ಮತ್ತು ಲಿನ್ 1970ರಲ್ಲಿ ಪ್ರಕಟಿಸಿದ ವಿಧಾನದಲ್ಲಿದೆ.

ಮೆಟಿಸ್ ಇರುವುದು ಸಿ ಭಾಷೆಯಲ್ಲಿ, ವಿಜ್ಞಾನಿಗಳಿಗೆ ಒಗ್ಗಿರುವುದು ಪೈಥಾನ್. ನಡುವಿನ ದುಬಾಷಿಯೇ ಪೈಮೆಟಿಸ್ ಎಂಬ ರ್‍ಯಾಪರ್. ಗ್ರೀಕರ ಪುರಾಣದಲ್ಲಿ ಜ್ಯೂಸ್ ದೇವನು ಬುದ್ಧಿದೇವತೆ ಮೆಟಿಸಳನ್ನು ನುಂಗಿಬಿಡುತ್ತಾನೆ. ಪೈಮೆಟಿಸ್ ಮಾಡಿರುವುದೂ ಅದನ್ನೇ: ಮೆಟಿಸ್‌ನ ಮೂಲಸಂಕೇತವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ಬಳಸುವವರಿಗೆ ಇದು ಅನುಕೂಲವೇ.

ಆದರೆ ಡೆಬಿಯನ್ ಇದಕ್ಕೆ ಹುಬ್ಬು ಗಂಟಿಕ್ಕುತ್ತದೆ. 1993ರಲ್ಲಿ ಶುರುವಾದ ಈ ಲಿನಕ್ಸ್ ವ್ಯವಸ್ಥೆಯ ನೀತಿಯಂತೆ, ಪ್ರತ್ಯೇಕ ಪೊಟ್ಟಣವಾಗಿ ಸಿಗುವ ಲೈಬ್ರರಿಯ ನಕಲನ್ನು ಇನ್ನೊಂದರೊಳಗೆ ಬಚ್ಚಿಡಬಾರದು. ಮೆಟಿಸ್‌ನಲ್ಲಿ ದೋಷ ಕಂಡರೆ ಒಂದೇ ಕಡೆ ತಿದ್ದಿದರೆ ಸಾಕಾಗಬೇಕು. ಯಾರ ಹೊಟ್ಟೆಯಲ್ಲಿ ಯಾವ ಹಳೆಯ ನಕಲಿದೆ ಎಂದು ತಡಕಾಡುವಂತಾಗಬಾರದು. ಹಾಗಾಗಿ ಪೊಟ್ಟಣ ಕಟ್ಟುವವರ ಮೊದಲ ಕೆಲಸ ಶಸ್ತ್ರಚಿಕಿತ್ಸೆ: ಒಳಗಿನ ನಕಲನ್ನು ಬಿಟ್ಟು ವ್ಯವಸ್ಥೆಯ ಮೆಟಿಸ್‌ಗೇ ಕೊಂಡಿ ಹಾಕುವ ತೇಪೆ. ಪರವಾನಗಿಯ ತಕರಾರು ಮಾತ್ರ ಈಗಿಲ್ಲ. ಹಳೆಯ ಮೆಟಿಸ್ ಬಳಕೆಗೆ ಷರತ್ತುಗಳಿದ್ದವು; 2013ರ 5.1.0 ಆವೃತ್ತಿ ಅಪಾಚೆ ಪರವಾನಗಿಯಲ್ಲಿ ಬಂತು.

ತೇಪೆ ಹಾಕುವಾಗಲೇ ಒಂದು ಹೊಂಡವಿದೆ. ಪೂರ್ಣಾಂಕದ ಅಗಲ 32 ಬಿಟ್ಟೋ 64 ಬಿಟ್ಟೋ ಎಂಬುದನ್ನು ಮೆಟಿಸ್‌ನ ಹೆಡರ್ ಕಡತದ ಒಂದೇ ಒಂದು ಸಾಲು ನಿರ್ಧರಿಸುತ್ತದೆ. ಲೈಬ್ರರಿ 32ರಲ್ಲಿ ಕಟ್ಟಿಕೊಂಡು ರ್‍ಯಾಪರ್ 64 ಎಂದುಕೊಂಡರೆ ಕಂಪೈಲರ್ ತುಟಿಪಿಟಕ್ಕೆನ್ನದೆ ಹೋಗಬಹುದು. ಅಲ್ಲಿಂದಾಚೆಗೆ ಒಬ್ಬರು ಮೊಳದಲ್ಲಿ ಅಳೆದಿದ್ದನ್ನು ಇನ್ನೊಬ್ಬರು ಗೇಣಿನಲ್ಲಿ ಓದಿಕೊಂಡ ಕಥೆ.

ಇಂಥ ಎಡವಟ್ಟನ್ನು ಹಿಡಿಯುವುದು ಪರೀಕ್ಷೆ. ಎರಡು ತ್ರಿಕೋನ ಬರೆದು, ಒಂದರ ಮೂಲೆಯಿಂದ ಇನ್ನೊಂದರ ಮೂಲೆಗೆ ಒಂದೇ ಗೆರೆ ಎಳೆಯಿರಿ. ಒಟ್ಟು ಆರು ಬಿಂದು, ಏಳು ಗೆರೆ. ಎರಡು ಪಾಲು ಕೇಳಿದರೆ ಪೈಮೆಟಿಸ್ ಆ ನಡುಗೆರೆಯೊಂದನ್ನೇ ಕಡಿದು, ಮೂರು ಬಿಂದುಗಳಿಗೆ 0, ಉಳಿದ ಮೂರಕ್ಕೆ 1 ಎಂದು ಗುರುತು ಹಾಕಬೇಕು. ಡೆಬಿಯನ್ ಪೊಟ್ಟಣಗಳು ಹಲವು ಬಗೆಯ ಪ್ರೊಸೆಸರುಗಳ ಮೇಲೆ ಓಡಬೇಕಾದವು. ಯಾವುದೋ ಒಂದರಲ್ಲಿ ಮೊದಲ ತ್ರಿಕೋನಕ್ಕೆ 1 ಬಿದ್ದು ಎರಡನೆಯದಕ್ಕೆ 0 ಬಂದರೂ ಹಂಚಿಕೆ ಸರಿಯೇ. ಜಾಣ ಪರೀಕ್ಷಕರು ಗುರುತುಗಳನ್ನು ಹೋಲಿಸದೆ, ಕಡಿದ ಗೆರೆ ಒಂದೇ ತಾನೇ ಎಂದು ಎಣಿಸಿ ನೋಡುತ್ತಾರೆ.